ಟಿ ಬಾಡಿ, ಎ ಚಾಸಿ, ನಡುವೆ ಮೂರೂವರೆ ಇಂಚು

"ಎರಡೂ ಫೋರ್ಡ್ ತಾನೇ, ಇದನ್ನು ಎತ್ತಿ ಅದರ ಮೇಲೆ ಇಟ್ಟರೆ ಆಯ್ತು ಅಲ್ವಾ?" ಹಳೆಯ ಫೋರ್ಡ್ ಮಾಡೆಲ್ ಟಿ ಕಾರಿನ ಬಾಡಿಯನ್ನು ಅದರ ನಂತರ ಬಂದ ಮಾಡೆಲ್ ಎ ಕಾರಿನ ಚಾಸಿ, ಅಂದರೆ ಎಂಜಿನ್, ಚಕ್ರ ಎಲ್ಲ ಕೂರುವ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿದ್ದೇನೆ. ನನ್ನ ಶೆಡ್ಡಿಗೆ ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ ಇದು. ಎತ್ತಿ ಇಡುವುದೇನೋ ಆಗುತ್ತದೆ. ನಾಲ್ಕು ಜನ, ಒಂದು ಚೈನ್ ಪುಲ್ಲಿ ಇದ್ದರೆ ಅದೇನು ದೊಡ್ಡ ಕೆಲಸವಲ್ಲ. ನಿಜವಾದ ಕೆಲಸ ಇಟ್ಟ ಮೇಲೆ ಶುರುವಾಗುತ್ತದೆ. ಒಂದು ಬೋಲ್ಟಿನ ತೂತೂ ಕೂಡುವುದಿಲ್ಲ, ಹಿಂದಿನ ಚಕ್ರ ಮಡ್‌ಗಾರ್ಡಿನ ನಡುವೆ ನಿಲ್ಲುವುದಿಲ್ಲ, ಸ್ಟೇರಿಂಗ್ ಕಂಬಿಗೆ ಆತುಕೊಳ್ಳಲು ಜಾಗವೇ ಇರುವುದಿಲ್ಲ, ಪೆಟ್ರೋಲ್ ಟ್ಯಾಂಕ್ ಎಲ್ಲಿ ಹೋಯಿತು ಅಂತ ಹುಡುಕಬೇಕು.

ನನ್ನ ಹತ್ತಿರ ಇದ್ದದ್ದು ಎರಡು ಅನಾಥ ವಸ್ತುಗಳು. ಒಂದು, 1921ರ ಮಾಡೆಲ್ ಟಿ ಟೂರಿಂಗ್ ಬಾಡಿ. ಅಂದರೆ ಬಟ್ಟೆಯ ಛಾವಣಿಯ, ಐದು ಜನ ಕೂರುವ ತೆರೆದ ಬಾಡಿ. ಅದರ ಚಾಸಿಯನ್ನು ಯಾರೋ ಯಾವುದೋ ಕಾಲದಲ್ಲಿ ಕತ್ತರಿಸಿ ಗಾಡಿ ಮಾಡಿಕೊಂಡಿದ್ದರು. ಇನ್ನೊಂದು, 1929ರ ಮಾಡೆಲ್ ಎ ಚಾಸಿ. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲ ಇತ್ತು, ಬಾಡಿ ಮಾತ್ರ ತುಕ್ಕು ಹಿಡಿದು ಕೈಗೆ ಪುಡಿ ಪುಡಿಯಾಗಿ ಬರುತ್ತಿತ್ತು. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಪೂರ್ತಿ ಇರುವ ಎರಡು ಕಾರುಗಳನ್ನು ಬಿಚ್ಚಿ ಒಂದು ಮಾಡುವುದನ್ನು ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಒಂದು ಕಾರು ಹುಟ್ಟಿ ಎರಡು ಕಾರು ಸಾಯುತ್ತವೆ.

ಬೇರೆ ಬಾಡಿ, ಬೇರೆ ಚಾಸಿ ಅನ್ನುವುದೇ ಮಹಾ ಪಾಪ ಅನ್ನುವವರೂ ಇದ್ದಾರೆ. ಅವರಿಗೆ ಸ್ವಲ್ಪ ಇತಿಹಾಸ ನೆನಪು ಮಾಡಬೇಕು. ಆ ಕಾಲದ ಕಾರು ಅಂದರೆ ಮೊದಲು ಚಾಸಿ, ಆಮೇಲೆ ಬಾಡಿ. ಎರಡನೇ ಮಹಾಯುದ್ಧದವರೆಗೆ ರೋಲ್ಸ್ ರಾಯ್ಸ್ ಮಾರುತ್ತಿದ್ದದ್ದು ಚಾಸಿಯನ್ನು ಮಾತ್ರ. ಬಾಡಿಯನ್ನು ಕೊಂಡವರು ಬೇರೆ ಕಡೆ ಕಟ್ಟಿಸಿಕೊಳ್ಳಬೇಕಿತ್ತು. ಒಂದೇ ಚಾಸಿಗೆ ಬೇಸಿಗೆಗೊಂದು ತೆರೆದ ಬಾಡಿ, ಚಳಿಗೊಂದು ಮುಚ್ಚಿದ ಬಾಡಿ ಇಟ್ಟುಕೊಂಡು ಬದಲಾಯಿಸುತ್ತಿದ್ದ ಸಾಹುಕಾರರೂ ಇದ್ದರು. ಇನ್ನು ಫೋರ್ಡ್ ಕಾರ್ಖಾನೆಯ ವಿಷಯ ಕೇಳಿದರೆ ನಗು ಬರುತ್ತದೆ. 1928ರ ಮಾಡೆಲ್ ಎ ಪಿಕಪ್ಪಿಗೆ ಹಿಂದೆ ಹಾಕಿದ ಡಬ್ಬ ಹಳೆಯ ಮಾಡೆಲ್ ಟಿಯದೇ! ಅಂದರೆ ಹಳೆ ಬಾಡಿಯನ್ನು ಹೊಸ ಚಾಸಿ ಮೇಲೆ ಕೂರಿಸುವ ಕೆಲಸ ಕಾರ್ಖಾನೆಯಲ್ಲೇ ಆಗಿದೆ. ಆಮೇಲೆ ಹಾಟ್ ರಾಡ್ ಹುಡುಗರು, ಅಂದರೆ ಹಳೆ ಕಾರನ್ನು ವೇಗಕ್ಕೆ ಅಂತ ಮಾರ್ಪಡಿಸುವವರು, 1932ರ ಫೋರ್ಡ್ ಚಾಸಿ ಮೇಲೆ ಮಾಡೆಲ್ ಎ ಬಾಡಿ ಇಡುವುದನ್ನು ಒಂದು ಸಂಪ್ರದಾಯವನ್ನೇ ಮಾಡಿಬಿಟ್ಟರು.

ಆದರೆ ಇದರ ಇನ್ನೊಂದು ಮುಖವೂ ಇದೆ. 1920ರ ದಶಕದ ಬೆಂಟ್ಲಿಗಳಲ್ಲಿ ಎಷ್ಟೋ ಮುಚ್ಚಿದ ಬಾಡಿಗಳನ್ನು ಆಮೇಲಿನವರು ಕಿತ್ತು ಬಿಸಾಕಿ, ತೆರೆದ ಟೂರರ್ ಬಾಡಿ ಕಟ್ಟಿಸಿದರು. ಆ ಮೂಲ ಬಾಡಿಗಳು ಇನ್ನು ಸಿಗುವುದಿಲ್ಲ. ಹಾಗಾಗಿ ನನ್ನ ನಿಯಮ ಒಂದೇ. ಬಾಡಿಯನ್ನೂ ಕತ್ತರಿಸಬಾರದು, ಚಾಸಿಯನ್ನೂ ಕತ್ತರಿಸಬಾರದು. ಹೊಸದಾಗಿ ಏನು ಬಂದರೂ ಅವೆರಡರ ನಡುವೆ ಬರಬೇಕು. ನಾಳೆ ಯಾರಿಗಾದರೂ ಒಂದು ಒಳ್ಳೆ ಟಿ ಚಾಸಿ ಸಿಕ್ಕಿದರೆ, ಬೋಲ್ಟ್ ಬಿಚ್ಚಿ, ಬಾಡಿ ಎತ್ತಿ, ಅದರ ಮೇಲೆ ಇಟ್ಟರೆ ತೂತುಗಳು ಕೂಡಬೇಕು. ಕೆಳಗೆ ಹೇಳುವುದೆಲ್ಲ ಈ ಒಂದು ಹಟದಿಂದ ಹುಟ್ಟಿದ್ದು.

ಈಗ ಅಳತೆ. ಮಾಡೆಲ್ ಟಿಯ ಮುಂದಿನ ಆಕ್ಸಲಿನಿಂದ ಹಿಂದಿನ ಆಕ್ಸಲಿಗೆ 100 ಇಂಚು. ಮಾಡೆಲ್ ಎಯದು 103.5 ಇಂಚು. ವ್ಯತ್ಯಾಸ ಮೂರೂವರೆ ಇಂಚು. ಚಕ್ರದಿಂದ ಚಕ್ರಕ್ಕೆ ಅಡ್ಡ ಅಳತೆ ಮಾತ್ರ ಎರಡರಲ್ಲೂ 56 ಇಂಚು, ಪುಣ್ಯಕ್ಕೆ. ಅಗಲದ ತಲೆನೋವಿಲ್ಲ, ಇರುವುದೆಲ್ಲ ಉದ್ದದ ತಲೆನೋವು.

ಈ ಮೂರೂವರೆ ಇಂಚನ್ನು ಎಲ್ಲಿ ಹಾಕಬೇಕು ಅನ್ನುವುದೇ ಇಡೀ ಕೆಲಸದ ಜೀವಾಳ. ಎರಡು ಪಕ್ಷಗಳಿವೆ. ಮೊದಲ ಪಕ್ಷದವರು ಮುಂದಿನಿಂದ ಶುರು ಮಾಡುತ್ತಾರೆ. ಎಂಜಿನ್ ಇದ್ದಲ್ಲಿದೆ, ಫೈರ್‌ವಾಲ್ (ಎಂಜಿನ್ನಿಗೂ ಜನ ಕೂರುವ ಜಾಗಕ್ಕೂ ನಡುವಿನ ಗೋಡೆ) ಅದರ ಹಿಂದೆ ಇಷ್ಟು ದೂರ ಇರಬೇಕು, ಅಲ್ಲಿ ಬಾಡಿ ಇಡು, ಹಿಂದೆ ಏನಾಗುತ್ತೋ ಆಗಲಿ. ಇದು ಸುಲಭ. ಆದರೆ ಹಿಂದಿನ ಚಕ್ರ ಮಡ್‌ಗಾರ್ಡಿನ ಕಮಾನಿನ ನಡುವೆ ಕೂರದೆ ಒಂದು ಕಡೆಗೆ ಸರಿದು ನಿಲ್ಲುತ್ತದೆ. ಒಂದೆರಡು ಇಂಚಾದರೂ ಸಾಕು, ಕಾರಿನ ಬಗ್ಗೆ ಏನೂ ಗೊತ್ತಿಲ್ಲದವರ ಕಣ್ಣಿಗೂ ಏನೋ ಸರಿಯಿಲ್ಲ ಅನಿಸುತ್ತದೆ. ಏನು ಅಂತ ಹೇಳಲು ಬರುವುದಿಲ್ಲ, ಅಷ್ಟೇ.

ನಾನು ಎರಡನೇ ಪಕ್ಷ. ಹಿಂದಿನ ಆಕ್ಸಲಿನ ನಡುಗೆರೆಯಿಂದ ಶುರು ಮಾಡಬೇಕು. ಹಿಂದಿನ ಮಡ್‌ಗಾರ್ಡನ್ನು ಬಾಡಿಗೆ ಅದರ ಮೂಲ ಜಾಗದಲ್ಲೇ ಕಟ್ಟಿ, ಕಮಾನಿನ ನಡುವಿನಿಂದ ತೂಗುಗುಂಡು ಇಳಿಬಿಟ್ಟು, ಅದು ಆಕ್ಸಲಿನ ತುದಿಗೆ ಸರಿಯಾಗಿ ಬರುವಷ್ಟು ಬಾಡಿಯನ್ನು ಸರಿಸಿ, ಅಲ್ಲಿ ಗುರುತು ಹಾಕಬೇಕು. ಅದಾದ ಮೇಲೆ ಬಾಡಿ ಹಿಂದೆ ಮುಂದೆ ಅಲುಗಾಡುವಂತಿಲ್ಲ. ಆಗ ಉಳಿದ ಮೂರೂವರೆ ಇಂಚು ತಾನಾಗೇ ಮುಂದಕ್ಕೆ ಹೋಗುತ್ತದೆ. ಬಾನೆಟ್ ಅಷ್ಟು ಉದ್ದ ಆಗಬೇಕು, ಕಾಲಿಡುವ ರನ್ನಿಂಗ್ ಬೋರ್ಡೂ ಅಷ್ಟೇ ಉದ್ದ ಆಗಬೇಕು. ಎರಡೂ ಬಿಡಿ ಭಾಗಗಳು. ಹೊಸದು ಮಾಡಿಸಬಹುದು, ಹಳೆಯದನ್ನು ಒರೆಸಿ ಅಟ್ಟದ ಮೇಲೆ ಇಡಬಹುದು. ರನ್ನಿಂಗ್ ಬೋರ್ಡ್ ಮೂರೂವರೆ ಇಂಚು ಉದ್ದ ಇದೆ ಅಂತ ಇಲ್ಲಿವರೆಗೆ ಯಾರೂ ಗುರುತಿಸಿಲ್ಲ. ಬಾನೆಟ್ ಉದ್ದ ಇದ್ದರೆ ಕಾರಿಗೆ ಇನ್ನೂ ಸ್ವಲ್ಪ ಗತ್ತು ಬರುತ್ತದೆ, ಬಿಡಿ.

ಚಾಸಿಯ ಆಕಾರ ಇನ್ನೊಂದು ಸಂಗತಿ. ಟಿ ಚಾಸಿ ಏಣಿಯ ಹಾಗೆ. ಎರಡು ಉದ್ದಪಟ್ಟಿ ನೇರವಾಗಿ, ಒಂದೇ ಅಂತರದಲ್ಲಿ ಹೋಗುತ್ತವೆ. ಎ ಚಾಸಿಯಲ್ಲಿ ಉದ್ದಪಟ್ಟಿಗಳು ಹಿಂದಕ್ಕೆ ಹೋಗುತ್ತಾ ಅಗಲವಾಗುತ್ತವೆ. ಟಿ ಬಾಡಿಯ ಅಡಿಯಲ್ಲಿ ಎರಡು ಮರದ ತೊಲೆಗಳಿವೆ. ಟಿ ಚಾಸಿ ಮೇಲೆ ಅವು ನೇರ ಪಟ್ಟಿಯ ಮೇಲೇ ಕೂರುತ್ತವೆ. ಎ ಚಾಸಿ ಮೇಲೆ ಇಟ್ಟರೆ ಹಿಂದೆ ಹೋದಂತೆಲ್ಲ ತೊಲೆಗಳು ಪಟ್ಟಿಗಳ ಒಳಗಡೆ ಬಿದ್ದುಹೋಗುತ್ತವೆ, ಕೆಳಗೆ ಆಧಾರವೇ ಇರುವುದಿಲ್ಲ.

ತಕ್ಷಣ ಹೊಳೆಯುವ ಉಪಾಯ ಅಂದರೆ ಪಟ್ಟಿಯಿಂದ ಪಟ್ಟಿಗೆ ಅಡ್ಡ ತೊಲೆ ಹಾಕಿ, ಅದರ ಮೇಲೆ ಬಾಡಿ ಕೂರಿಸುವುದು. ಕೆಲಸ ಆಗುತ್ತದೆ, ಆದರೆ ಆ ತೊಲೆಯ ದಪ್ಪದಷ್ಟು ಇಡೀ ಬಾಡಿ ಮೇಲಕ್ಕೆ ಹೋಗುತ್ತದೆ. ಟಿ ಮೊದಲೇ ಎತ್ತರದ ಕಾರು. ಇನ್ನೂ ಎತ್ತಿದರೆ ಸ್ಟೂಲಿನ ಮೇಲೆ ಹತ್ತಿ ನಿಂತ ಹಾಗೆ ಕಾಣುತ್ತದೆ, ಮಡ್‌ಗಾರ್ಡಿನ ಸಾಲೂ ತಪ್ಪುತ್ತದೆ. ಅದಕ್ಕೇ ಅಡ್ಡಪಟ್ಟಿಗಳನ್ನು ಪಟ್ಟಿಗಳ ಮೇಲೆ ಇಡಲಿಲ್ಲ, ನಡುವೆ ಇಳಿಬಿಟ್ಟೆ. ಕಬ್ಬಿಣದ ಚಾನೆಲ್ಲಿನ ಎರಡೂ ತುದಿಗೆ ಮೆಟ್ಟಿಲಿನ ಹಾಗೆ ಬಗ್ಗಿಸಿದ ಕೊಂಡಿ. ಕೊಂಡಿ ಪಟ್ಟಿಯ ಮೇಲೆ ಕೂರುತ್ತದೆ, ಚಾನೆಲ್ಲು ಒಳಗೆ ತಗ್ಗಿನಲ್ಲಿ ನಿಲ್ಲುತ್ತದೆ, ಅದರ ಮೇಲೆ ಗಟ್ಟಿ ಮರದ ತುಂಡು, ಅದರ ಮೇಲೆ ಬಾಡಿಯ ತೊಲೆ. ಲೆಕ್ಕ ಹಾಕಿ ಮಾಡಿದರೆ ಬಾಡಿ ಎಷ್ಟು ಎತ್ತರದಲ್ಲಿ ಬೇಕೋ ಅಷ್ಟರಲ್ಲೇ ಬರುತ್ತದೆ. ಚಾಸಿಯಲ್ಲಿ ಹಳೆ ಬಾಡಿಗೆ, ಬ್ರೇಕಿಗೆ, ರನ್ನಿಂಗ್ ಬೋರ್ಡಿನ ಕೈಗಳಿಗೆ ಅಂತ ಕಾರ್ಖಾನೆಯವರೇ ಕೊರೆದ ತೂತುಗಳು ಬೇಕಾದಷ್ಟಿವೆ. ಅವುಗಳಲ್ಲೇ ಬೋಲ್ಟ್ ಹಾಕಿ. ತೂತು ಇಲ್ಲದ ಕಡೆ ಕ್ಲ್ಯಾಂಪ್. ವೆಲ್ಡಿಂಗ್ ಬೇಡವೇ ಬೇಡ. ಹಳೆ ಪಟ್ಟಿಗೆ ಒಂದು ಕಡೆ ಬಿಸಿ ಕೊಟ್ಟರೆ ಅದು ಎಳೆದುಕೊಳ್ಳುತ್ತದೆ, ಆಮೇಲೆ ಯಾವ ಅಳತೆಯೂ ಅಳತೆಯಾಗಿ ಉಳಿಯುವುದಿಲ್ಲ.

ಮರದ ತುಂಡಿನ ಬಗ್ಗೆ ಎರಡು ಮಾತು. ಆ ಕಾಲದ ಬಾಡಿಗಳಿಗೆ ಹೆಚ್ಚಾಗಿ ಬಳಸುತ್ತಿದ್ದದ್ದು ಆಶ್ ಮರ. ಅದೇ ಬೇಕು ಅಂತಿಲ್ಲ, ನೇರ ಎಳೆಯ, ಚೆನ್ನಾಗಿ ಒಣಗಿದ ಯಾವ ಗಟ್ಟಿ ಮರವಾದರೂ ಸರಿ. ಹಸಿ ಮರ ಹಾಕಿದರೆ ಅದು ಒಣಗಿ ಸಣ್ಣಗಾಗಿ, ಇವತ್ತು ಬಿಗಿಯಾಗಿದ್ದ ಬೋಲ್ಟು ಸ್ವಲ್ಪ ದಿನದಲ್ಲಿ ಲೊಡಲೊಡ ಅನ್ನುತ್ತದೆ. ಬೋಲ್ಟ್ ಹೋಗುವ ತೂತಿಗೆ ಒಂದು ಕಬ್ಬಿಣದ ಕೊಳವೆ ಕೂರಿಸಿ. ಆಗ ಎಷ್ಟೇ ಬಿಗಿ ಮಾಡಿದರೂ ಭಾರ ಕೊಳವೆಯ ಮೇಲೆ ಬೀಳುತ್ತದೆ, ಮರ ಜಜ್ಜಿ ಹೋಗುವುದಿಲ್ಲ. ಮರಕ್ಕೂ ಕಬ್ಬಿಣಕ್ಕೂ ನಡುವೆ ಕ್ಯಾನ್ವಾಸ್ ಬೆಲ್ಟಿನ ತುಂಡು. ಕಿರುಗುಟ್ಟುವ ಸದ್ದು ನಿಲ್ಲುತ್ತದೆ.

ಆದರೆ ಇದಕ್ಕೆಲ್ಲ ಮೊದಲು ಚಾಸಿ ನೇರ ಇದೆಯಾ ನೋಡಿಕೊಳ್ಳಬೇಕು. ಮಾಡೆಲ್ ಎ ಚಾಸಿಗೆ ನಡುವೆ ಜೋತುಬೀಳುವ ರೋಗ ಇದೆ, ಎಂಜಿನ್ ಹಿಂದಿನ ಭಾಗದ ಭಾರ ಹೊರುವ ಹತ್ತಿರ. ಪಟ್ಟಿಯ ಈ ತುದಿಯಿಂದ ಆ ತುದಿಗೆ ದಾರ ಬಿಗಿಯಾಗಿ ಎಳೆದರೆ ಗೊತ್ತಾಗುತ್ತದೆ. ಆಮೇಲೆ ಮೂಲೆಯಿಂದ ಮೂಲೆಗೆ ಅಳೆಯಬೇಕು. ಎರಡೂ ಓರೆ ಅಳತೆ ಒಂದೇ ಬರದಿದ್ದರೆ ಚಾಸಿ ಯಾವತ್ತೋ ಏನಕ್ಕೋ ಗುದ್ದಿಸಿಕೊಂಡಿದೆ ಅಂತ ಅರ್ಥ. ರಿವೆಟ್‌ಗಳನ್ನು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ನೋಡಿ. ಸಡಿಲ ಇದ್ದರೆ ಸದ್ದಿನಲ್ಲೇ ತಿಳಿಯುತ್ತದೆ. ಸೊಟ್ಟ ಚಾಸಿ ಮೇಲೆ ಎಂಥ ಬಾಡಿ ಇಟ್ಟರೂ ಡೋರು ಮುಚ್ಚುವುದಿಲ್ಲ, ಟಿಂಕರಿಂಗ್ ಮಾಡುವವರ ಮೇಲೆ ಸುಮ್ನೆ ಸಿಟ್ಟು ಮಾಡಿಕೊಳ್ಳುವುದು ಅಷ್ಟೇ.

ಮತ್ತೊಂದು ಮಾತು, ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಬಾಡಿ ಹೊಂದಿಸುವಾಗ ಚಾಸಿ ಖಾಲಿ ಇರಬಾರದು. ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್ ಎಲ್ಲ ಕೂತಿರಬೇಕು. ಕಾರು ತನ್ನ ಚಕ್ರದ ಮೇಲೆ, ತನ್ನ ಸ್ಪ್ರಿಂಗಿನ ಮೇಲೆ ನಿಂತಿರಬೇಕು. ಸೀಟಿನ ಜಾಗದಲ್ಲಿ ಮರಳಿನ ಮೂಟೆ ಇಡಬೇಕು. ಖಾಲಿ ಚಾಸಿಯನ್ನು ಸ್ಟ್ಯಾಂಡ್ ಮೇಲೆ ಇಟ್ಟು, ರಸಮಟ್ಟ ಹಿಡಿದು, ಕೂದಲಿನಷ್ಟೂ ವ್ಯತ್ಯಾಸ ಇಲ್ಲದ ಹಾಗೆ ಬಾಡಿ ಹೊಂದಿಸಿದ ಮೇಲೆ ಎಂಜಿನ್ ಇಳಿಸಿದರೆ, ಚಾಸಿ ಒಂದಿಷ್ಟು ಬಗ್ಗುತ್ತದೆ. ಅಷ್ಟರಲ್ಲಿ ನೀವು ಮಾಡಿದ್ದೆಲ್ಲ ಹೋಯಿತು.

ಬಾಡಿಯ ಕಡೆಯಿಂದಲೂ ಎಚ್ಚರ ಬೇಕು. ತೆರೆದ ಬಾಡಿಗೆ ಛಾವಣಿಯ ಬಲ ಇರುವುದಿಲ್ಲ. ಡೋರಿನ ಜಾಗದಲ್ಲಿ ಅದು ಬರೀ ಅಡಿಯ ತೊಲೆಯ ಮೇಲೆ ನಿಂತಿರುತ್ತದೆ, ಆ ತೊಲೆಯೋ ನೂರು ವರ್ಷದ ಮರ. ಎತ್ತುವ ಮೊದಲು ಡೋರು ಬಿಚ್ಚಿ, ಆ ಬಾಯಿಗೆ ಅಡ್ಡಲಾಗಿ ಮತ್ತು ಓರೆಯಾಗಿ ಕಬ್ಬಿಣದ ಟ್ಯೂಬ್ ಬಿಗಿದು, ಅಡಿಯಲ್ಲಿ ಉದ್ದಕ್ಕೂ ಎರಡು ಗಟ್ಟಿ ತೊಲೆ ಕೊಟ್ಟು, ಆಮೇಲೆ ಚೈನ್ ಹಾಕಿ. ಹಗ್ಗವನ್ನು ನೇರವಾಗಿ ಬಾಡಿಗೇ ಕಟ್ಟಿ ಎತ್ತಿದ್ದನ್ನು ನಾನು ಬೇರೆ ಕಡೆ ನೋಡಿದ್ದೇನೆ. ಬಾಡಿ ನಡುವೆ ಮಡಚಿಕೊಂಡಿತು.

ಅಮೆರಿಕದಲ್ಲಿ ಮಾಡಿದ ಈ ಕಾಲದ ಟಿ ಟೂರಿಂಗಿಗೆ ಒಂದು ತಮಾಷೆ ಇದೆ. ಡ್ರೈವರ್ ಕೂರುವ ಎಡಗಡೆ ಮುಂದೆ ಡೋರೇ ಇಲ್ಲ. ಡೋರಿನ ಗೆರೆ ಮಾತ್ರ ತಗಡಿನಲ್ಲಿ ಒತ್ತಿದ್ದಾರೆ. ಡ್ರೈವರ್ ಬಲಗಡೆಯಿಂದ ಹತ್ತಿ, ಸೀಟಿನ ಮೇಲೆ ಜಾರಿಕೊಂಡು ಎಡಕ್ಕೆ ಬರಬೇಕು. ಟಿಯಲ್ಲಿ ಅದು ಕಷ್ಟವಲ್ಲ, ಯಾಕೆಂದರೆ ನೆಲದ ಮಧ್ಯೆ ಗೇರ್ ಕಡ್ಡಿಯೇ ಇಲ್ಲ. ಎರಡು ಗೇರು, ಅದೂ ಕಾಲಿನಲ್ಲಿ. ಹ್ಯಾಂಡ್‌ಬ್ರೇಕ್ ಎಡಗಡೆ ಮೂಲೆಯಲ್ಲಿ. ಆದರೆ 1929ರ ಎಯಲ್ಲಿ ಗೇರ್ ಕಡ್ಡಿ ನಟ್ಟ ನಡುವೆ ಎದ್ದು ನಿಂತಿದೆ, ಅದರ ಮುಂದೆ ಹ್ಯಾಂಡ್‌ಬ್ರೇಕ್ ಬೇರೆ. ಈಗ ನಾನು ಡ್ರೈವರ್ ಸೀಟಿಗೆ ಹೋಗಬೇಕಾದರೆ ಎರಡು ಕಡ್ಡಿ ದಾಟಿ ಹೋಗಬೇಕು, ಪಂಚೆ ಉಟ್ಟಿದ್ದರೆ ದೇವರೇ ಗತಿ. "ಆ ಸುಳ್ಳು ಡೋರನ್ನು ಕತ್ತರಿಸಿ ನಿಜವಾದ ಡೋರು ಮಾಡಿಬಿಡಿ" ಅಂತ ತುಂಬಾ ಜನ ಹೇಳಿದರು. ಮಾಡಲಿಲ್ಲ. ಆ ಪಕ್ಕದ ಬಲವೆಲ್ಲ ಆ ಒಂದೇ ತಗಡಿನಲ್ಲಿದೆ, ಕತ್ತರಿಸಿದ ಮೇಲೆ ಅದನ್ನು ಮತ್ತೆ ಮೊದಲಿನ ಹಾಗೆ ಮಾಡಲು ಯಾರಿಂದಲೂ ಆಗುವುದಿಲ್ಲ.

ಗೇರ್ ಕಡ್ಡಿಗೆ ನೆಲದಲ್ಲಿ ತೂತು ಬೇಕು. ಟಿಯ ನೆಲ ಮರದ ಹಲಗೆಗಳದ್ದು, ಬಿಡಿ ಬಿಡಿ. ಹಳೆ ಹಲಗೆಗಳನ್ನು ತೆಗೆದಿಟ್ಟು, ಅದೇ ಆಕಾರದ ಹೊಸ ಹಲಗೆಗಳಲ್ಲಿ ತೂತು ಹೊಡೆದೆ. ತೂತು ಹೊಡೆಯುವ ಮೊದಲು ಕಡ್ಡಿಯನ್ನು ಫಸ್ಟಿಗೂ ಥರ್ಡಿಗೂ ಹಾಕಿ ನೋಡಬೇಕು. ಎರಡರಲ್ಲೂ ಕಡ್ಡಿ ಹಿಂದಕ್ಕೆ ಬರುತ್ತದೆ, ಸೀಟಿನ ಮುಂಭಾಗಕ್ಕೆ ತಾಗುತ್ತದಾ ಅಂತ ಅಲ್ಲೇ ಗೊತ್ತಾಗುತ್ತದೆ. ಹಾಗೇ ಕ್ಲಚ್ ಪೂರ್ತಿ ಒತ್ತಿ, ಮಂಡಿ ಸ್ಟೇರಿಂಗಿಗೆ ಹೊಡೆಯುತ್ತದಾ ನೋಡಿ. ಟಿಯಲ್ಲಿ ಸೀಟು ಎತ್ತರ, ಬೆನ್ನು ನೆಟ್ಟಗಿಟ್ಟುಕೊಂಡು ಕೂರಬೇಕು.

ಸ್ಟೇರಿಂಗಿನ ವಿಷಯಕ್ಕೆ ಬಂದರೆ ಪೆಟ್ರೋಲ್ ಟ್ಯಾಂಕಿನ ವಿಷಯವೂ ಜೊತೆಗೇ ಬರುತ್ತದೆ. ಮಾಡೆಲ್ ಎಯಲ್ಲಿ ಟ್ಯಾಂಕು ಬಾಡಿಯದೇ ಒಂದು ಭಾಗ. ಗಾಜಿನ ಮುಂದೆ ಮೇಲ್ಗಡೆ ಕಾಣುವ ತಗಡು ಇದೆಯಲ್ಲ, ಅದೇ ಟ್ಯಾಂಕಿನ ಮೇಲ್ಮೈ. ಮೀಟರುಗಳ ಪ್ಯಾನೆಲ್ ಅದಕ್ಕೇ, ಸ್ಟೇರಿಂಗ್ ಕಂಬಿಯ ಮೇಲ್ತುದಿಯ ಆಧಾರವೂ ಅದಕ್ಕೇ. ಎ ಬಾಡಿ ಹೋಯಿತು ಅಂದರೆ ಟ್ಯಾಂಕು, ಮೀಟರು, ಕಂಬಿಯ ಹಿಡಿತ, ಎಲ್ಲ ಒಟ್ಟಿಗೆ ಹೋದವು. ಕೆಳಗೆ ಸ್ಟೇರಿಂಗ್ ಬಾಕ್ಸ್ ಚಾಸಿಗೆ ಬಿಗಿಯಾಗಿದ್ದರೂ ಮೇಲೆ ಕಂಬಿ ತೂಗಾಡುತ್ತಿರುತ್ತದೆ.

ಇಲ್ಲಿ ಟಿಯೇ ಕೈ ಹಿಡಿಯಿತು. 1921ರ ಟಿಯಲ್ಲಿ ಫೈರ್‌ವಾಲ್ ಅಂದರೆ ಒಂದು ಮರದ ಹಲಗೆ, ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಅದೇ ಆಕಾರದ ಹೊಸ ಹಲಗೆ ಮಾಡಿಸಿ, ಎಯ ಕಂಬಿಗೆ, ವೈರುಗಳಿಗೆ, ಪೆಟ್ರೋಲ್ ಪೈಪಿಗೆ ಬೇಕಾದ ತೂತುಗಳನ್ನೆಲ್ಲ ಅದರಲ್ಲೇ ಹೊಡೆದೆ. ಹಳೆ ಹಲಗೆಗೆ ಒಂದು ಗೀರೂ ಬಿದ್ದಿಲ್ಲ. ಕಂಬಿಯ ಮೇಲ್ತುದಿಗೆ ಒಂದು ಅಡ್ಡ ಸರಳು, ಡ್ಯಾಶ್ ಹಿಂದೆ ಕಾಣದ ಹಾಗೆ, ಎರಡು ತುದಿಯಲ್ಲೂ ಚಾಸಿಯಿಂದ ಎದ್ದು ಬಂದ ಕಾಲುಗಳ ಮೇಲೆ ನಿಂತಿದೆ. ಬಾಡಿಯ ಮರಕ್ಕೆ ಆ ಭಾರ ಕೊಡಲಿಲ್ಲ. ಸ್ಟೇರಿಂಗ್ ಹಿಡಿದುಕೊಂಡು ಎದ್ದು ಕೂರುವ ಅಭ್ಯಾಸ ಎಲ್ಲರಿಗೂ ಇದೆ, ಅಷ್ಟು ಎಳೆತವನ್ನು ಹಳೆ ಮರ ತಡೆಯುವುದಿಲ್ಲ.

ಟ್ಯಾಂಕಿಗೆ ಟಿಯ ಮೂಲ ಜಾಗವೇ, ಅಂದರೆ ಮುಂದಿನ ಸೀಟಿನ ಅಡಿ. ಟಿಯಲ್ಲಿ ಪೆಟ್ರೋಲ್ ತನ್ನ ಭಾರದಿಂದಲೇ ಇಳಿದು ಕಾರ್ಬುರೇಟರ್‌ಗೆ ಹೋಗುತ್ತಿತ್ತು, ಪಂಪಿಲ್ಲ. ಕಡಿದಾದ ಏರಿನಲ್ಲಿ ಮುಂಭಾಗ ಎತ್ತರವಾದಾಗ ಪೆಟ್ರೋಲ್ ಮುಂದಕ್ಕೆ ಹೋಗದೆ ಎಂಜಿನ್ ನಿಂತುಬಿಡುತ್ತಿತ್ತು, ಜನ ರಿವರ್ಸಿನಲ್ಲಿ ಏರು ಹತ್ತುತ್ತಿದ್ದರು. ಕಟ್ಟುಕಥೆ ಅಲ್ಲ, ನಿಜ. ಎಯಲ್ಲಿ ಟ್ಯಾಂಕನ್ನು ಮೇಲೆ ತಂದಿದ್ದರಿಂದ ಆ ತೊಂದರೆ ತಪ್ಪಿತು. ಈಗ ಎ ಎಂಜಿನ್ನಿಗೆ ಟಿ ಟ್ಯಾಂಕ್ ಕೊಟ್ಟರೆ ನಾವು ಮತ್ತೆ ಹಿಂದಕ್ಕೆ ಹೋದ ಹಾಗೆ. ರಿವರ್ಸಿನಲ್ಲಿ ಏರು ಹತ್ತುವ ಆಸೆ ನನಗಿಲ್ಲ. ಅದಕ್ಕೆ ಚಾಸಿಯ ಒಳಗಡೆ ಒಂದು ಸಣ್ಣ ಎಲೆಕ್ಟ್ರಿಕ್ ಪಂಪ್ ಹಾಕಿದೆ. ಒತ್ತಡ ತೀರಾ ಕಡಿಮೆ ಇರುವಂಥದ್ದೇ ಆಗಬೇಕು. ಈ ಕಾರ್ಬುರೇಟರ್ ಬರೀ ಇಳಿಜಾರಿನ ಪೆಟ್ರೋಲಿಗೆ ಅಂತ ಮಾಡಿದ್ದು, ಈಗಿನ ಕಾರಿನ ಪಂಪ್ ಕೊಟ್ಟರೆ ಒಳಗೆ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ ತಡೆಯದೆ ತುಂಬಿ ಹೊರಗೆ ಚೆಲ್ಲುತ್ತದೆ. ಬಿಸಿ ಎಂಜಿನ್ ಪಕ್ಕದಲ್ಲಿ ಪೆಟ್ರೋಲ್ ಚೆಲ್ಲುವುದು ಅಂದರೆ ಏನು ಅಂತ ಹೇಳಬೇಕಾಗಿಲ್ಲ.

ಕರೆಂಟಿನ ಬಗ್ಗೆ ಚಿಕ್ಕದಾಗಿ. ಎರಡೂ 6 ವೋಲ್ಟ್. ಆದರೆ ಟಿಯಲ್ಲಿ ಬ್ಯಾಟರಿಯ ನೆಗೆಟಿವ್ ಚಾಸಿಗೆ, ಎಯಲ್ಲಿ ಪಾಸಿಟಿವ್ ಚಾಸಿಗೆ. ಟಿಯ ಡ್ಯಾಶಿನಲ್ಲಿರುವ ಆಂಪ್ ಮೀಟರನ್ನು ಹಾಗೇ ಜೋಡಿಸಿದರೆ ಚಾರ್ಜ್ ಆಗುವಾಗ ಇಳಿಯುತ್ತಿದೆ ಅಂತ ತೋರಿಸುತ್ತದೆ. ಮೀಟರಿನ ಎರಡು ವೈರು ಅದಲು ಬದಲು ಮಾಡಿದರೆ ಮುಗಿಯಿತು.

ರೇಡಿಯೇಟರ್ ವಿಷಯದಲ್ಲಿ ನಾನು ಸ್ವಲ್ಪ ಮೊಂಡ. ಮುಂದಿನಿಂದಲೂ ಟಿ ಥರ ಕಾಣಲಿ ಅಂತ ಟಿಯ ರೇಡಿಯೇಟರನ್ನೇ ಹಾಕುವವರಿದ್ದಾರೆ. ಟಿ ಎಂಜಿನ್ 20 ಅಶ್ವಶಕ್ತಿಯದು, ಎ ಎಂಜಿನ್ 40. ಎರಡರಷ್ಟು ಶಕ್ತಿ ಅಂದರೆ ಬಿಸಿಯೂ ಹೆಚ್ಚು, ಸಣ್ಣ ರೇಡಿಯೇಟರ್‌ಗೆ ಅದು ಹೊರೆ. ನಾನು ಎಯದನ್ನೇ ಉಳಿಸಿಕೊಂಡೆ. ಅದು ಟಿಯ ಫೈರ್‌ವಾಲಿಗಿಂತ ದೊಡ್ಡದು, ಹಾಗಾಗಿ ಬಾನೆಟ್ ಮುಂದೆ ದೊಡ್ಡ, ಹಿಂದೆ ಚಿಕ್ಕ. ಮೊದಲು ರಟ್ಟಿನಲ್ಲಿ ಕತ್ತರಿಸಿ, ಟೇಪ್ ಹಾಕಿ, ದೂರದಿಂದ ನೋಡಿ, ಮತ್ತೆ ಕತ್ತರಿಸಿ, ಕಣ್ಣಿಗೆ ಒಪ್ಪಿದ ಮೇಲೆ ತಗಡಿಗೆ ಕೈ ಹಾಕಬೇಕು. ಮಾಡಿಕೊಟ್ಟ ಟಿಂಕರಿಂಗ್ ಮೇಸ್ತ್ರಿ "ಹಿಂದಕ್ಕೆ ಹೋಗ್ತಾ ಇಳಿಯೋ ಬಾನೆಟ್ ನಾನು ನೋಡೇ ಇಲ್ಲ ಸಾರ್" ಅಂತ ತಲೆ ಕೆರೆದುಕೊಂಡರು. ನಾನೂ ನೋಡಿರಲಿಲ್ಲ. ಪಕ್ಕದಿಂದ ನೋಡಿದರೆ ಟಿ, ಮುಂದಿನಿಂದ ನೋಡಿದರೆ ಎ. ಇರಲಿ ಬಿಡಿ, ಅದು ಇರುವುದೇ ಹಾಗೆ ತಾನೇ.

ಚಕ್ರದಲ್ಲಿ ಒಂದು ಅದೃಷ್ಟ ಒಲಿಯಿತು. ಟಿಯ ಟೈರಿನ ಎತ್ತರ 30 ಇಂಚು. 1928-29ರ ಎಗೆ 21 ಇಂಚಿನ ಕಡ್ಡಿ ಚಕ್ರ, 4.50 ಇಂಚಿನ ಟೈರು. ಚಕ್ರದ ಮೇಲೂ ಕೆಳಗೂ ಟೈರು ಕೂಡಿಸಿದರೆ ಅದೂ ಹತ್ತಿರ ಹತ್ತಿರ 30. ಟಿಯ ಮಡ್‌ಗಾರ್ಡಿನ ಕೆಳಗೆ ಒಪ್ಪವಾಗಿ ಕೂತಿತು. 1930-31ರ ಚಾಸಿ ಆಗಿದ್ದರೆ 19 ಇಂಚಿನ ಚಕ್ರ, ಕಮಾನಿನ ಕೆಳಗೆ ಬೋಳು ಬೋಳು ಕಾಣುತ್ತಿತ್ತು. ಈ ಕೆಲಸಕ್ಕೆ ಚಾಸಿ ಹುಡುಕುವವರು ಇದನ್ನು ಗಮನಿಸಿ.

ಇನ್ನು ಡೋರಿನ ಸಂದು. ಇಲ್ಲಿ ತಾಳ್ಮೆ ಬಿಟ್ಟರೆ ಬೇರೆ ಉಪಕರಣ ಇಲ್ಲ. ಎಲ್ಲ ಬೋಲ್ಟುಗಳನ್ನು ಕೈಯಲ್ಲಿ ಮಾತ್ರ ಬಿಗಿ ಮಾಡಿ, ಡೋರು ನೇತುಹಾಕಿ, ಸಂದು ನೋಡಬೇಕು. ಮೇಲೆ ಅಗಲ, ಕೆಳಗೆ ಕಿರಿದು ಇದ್ದರೆ ಡೋರಿನ ತಪ್ಪಲ್ಲ, ಕಂಬ ವಾಲಿದೆ. ಕಂಬದ ಹತ್ತಿರದ ಬೋಲ್ಟಿನ ಅಡಿಗೆ ತೆಳು ಪ್ಯಾಕಿಂಗ್ ಕೊಟ್ಟರೆ ಸಂದಿನ ಮೇಲ್ತುದಿಯಲ್ಲಿ ಅದರ ಪರಿಣಾಮ ಜಾಸ್ತಿಯಾಗೇ ಕಾಣುತ್ತದೆ. ಒಂದು ಕಡೆ ಸರಿ ಮಾಡಿದರೆ ಎದುರು ಮೂಲೆ ಕೆಡುತ್ತದೆ. ಡೋರನ್ನು ಬಡಿದು ಬಗ್ಗಿಸಿ ಸರಿ ಮಾಡುವವರಿದ್ದಾರೆ. ಅದು ಆಗಬಾರದು. ಪ್ಯಾಕಿಂಗಿನಲ್ಲಿ ಆಗುವಷ್ಟು ಆಗಲಿ, ಉಳಿದದ್ದನ್ನು ಹಿಂಜಿನಲ್ಲಿ ನೋಡೋಣ. ಸಂದು ಒಂದು ಹದಕ್ಕೆ ಬಂದ ಮೇಲೆ ಮುಂದಿನ ಒಂದೇ ಚಕ್ರದ ಕೆಳಗೆ ಮರದ ದಿಮ್ಮಿ ಇಟ್ಟು ಎತ್ತರ ಮಾಡಿ, ಡೋರು ತೆಗೆದು ಹಾಕಿ ನೋಡಿ. ರಸ್ತೆಯ ಹಳ್ಳದಲ್ಲಿ ಏನಾಗುತ್ತದೆ ಅನ್ನುವುದು ನಿಂತಲ್ಲೇ ಗೊತ್ತಾಗುತ್ತದೆ. ಈ ಚಾಸಿಗಳು ತಿರುಚಿಕೊಳ್ಳುತ್ತವೆ, ಅದು ಅವುಗಳ ಗುಣ. ಮರದ ಬಾಡಿಗೂ ಅಷ್ಟು ಅಲುಗಾಡಲು ಜಾಗ ಬೇಕು. ಅದಕ್ಕೇ ನಾನು ಹಿಂದಿನ ಸೀಟಿನ ಹತ್ತಿರದ ಬೋಲ್ಟುಗಳನ್ನು ಪೂರ್ತಿ ಬಿಗಿ ಮಾಡಿ, ಮುಂದಿನವುಗಳ ನಟ್ಟಿನ ಕೆಳಗೆ ಗಟ್ಟಿ ಸ್ಪ್ರಿಂಗ್ ಕೊಟ್ಟೆ. ಎಲ್ಲವನ್ನೂ ಸಮನಾಗಿ ಬಿಗಿದರೆ ಆ ತಿರುಚು ಹೋಗಿ ತಗಡಿನ ಮೂಲೆಯಲ್ಲಿ ಬಿರುಕಾಗಿ ಹೊರಬರುತ್ತದೆ.

ಬಾಡಿ ಇಡುವ ಮೊದಲು ಮಾಡಬೇಕಾದ ಒಂದು ಕೆಲಸ ಮರೆತರೆ ಮತ್ತೆ ಎತ್ತಬೇಕಾಗುತ್ತದೆ. ಮಾಡೆಲ್ ಎಯಲ್ಲಿ ಎಂಜಿನ್ ಮೇಲಿರುವ ನಂಬರನ್ನೇ ಚಾಸಿಯ ಎಡಗಡೆ ಪಟ್ಟಿಯ ಮೇಲ್ಭಾಗದಲ್ಲೂ ಒತ್ತಿರುತ್ತಾರೆ, ಬಾಡಿ ಕೂತ ಮೇಲೆ ಅದು ಮುಚ್ಚಿಹೋಗುತ್ತದೆ. ತುಕ್ಕು ಒರೆಸಿ, ಸೀಮೆಸುಣ್ಣ ಉಜ್ಜಿ, ಫೋಟೋ ತೆಗೆದಿಟ್ಟುಕೊಳ್ಳಿ. ಟಿಯಲ್ಲಿ ನಂಬರ್ ಇರುವುದು ಎಂಜಿನ್ನಿನ ಮೇಲೆ, ಹಾಗಾಗಿ ಟಿ ಬಾಡಿಯ ಜೊತೆ ಯಾವ ಗುರುತಿನ ನಂಬರೂ ಬರುವುದಿಲ್ಲ. ಕಾಗದಪತ್ರದ ಮಟ್ಟಿಗೆ ಇದು 1929ರ ಕಾರೇ. ಇದನ್ನು 1921ರ ಟಿ ಅಂತ ಹೇಳಿ ಮಾರುವುದು ಮೋಸ. ನಾನು ಒಂದು ಪುಸ್ತಕದಲ್ಲಿ ಯಾವುದು ಟಿಯದು, ಯಾವುದು ಎಯದು, ಯಾವುದು ಹೊಸದು ಅಂತ ಫೋಟೋ ಸಮೇತ ಬರೆದಿಟ್ಟಿದ್ದೇನೆ. ಹೊಸ ಅಡ್ಡಪಟ್ಟಿಗಳ ಮೇಲೆಲ್ಲ ಮಾಡಿದ ವರ್ಷ ಒತ್ತಿಸಿದ್ದೇನೆ. ಮುಂದೆ ಬಿಚ್ಚುವವರು ಅದನ್ನು ಫೋರ್ಡ್ ಮಾಲು ಅಂದುಕೊಂಡು ತಲೆ ಕೆಡಿಸಿಕೊಳ್ಳಬಾರದು.

ಓಡಿಸಲು ಹೇಗಿದೆ ಅಂತ ಕೇಳುವವರಿಗೆ: ಟಿಯ ಬಾಡಿ ಗಂಟೆಗೆ 40, 45 ಮೈಲಿಯ ಕಾಲದ್ದು. ಎಯ ಎಂಜಿನ್ 65 ಮೈಲಿ ಓಡಬಲ್ಲದು. ಅಷ್ಟು ಓಡಿಸಲು ಹೋಗಬೇಡಿ. ಮುಂದಿನ ಗಾಜಿನ ಚೌಕಟ್ಟು ನಡುಗಲು ಶುರುವಾದಾಗ ಕಾಲು ತಾನಾಗೇ ಮೇಲೆ ಬರುತ್ತದೆ. ಬ್ರೇಕ್ ಮಾತ್ರ ಟಿಗೆ ಹೋಲಿಸಿದರೆ ಸ್ವರ್ಗ. ಟಿಯಲ್ಲಿ ಕಾಲಿನ ಬ್ರೇಕು ಗೇರ್‌ಬಾಕ್ಸಿನ ಒಳಗೆ, ಹ್ಯಾಂಡ್‌ಬ್ರೇಕು ಹಿಂದಿನ ಚಕ್ರಕ್ಕೆ, ಮುಂದೆ ಏನೂ ಇಲ್ಲ. ಎಯಲ್ಲಿ ನಾಲ್ಕು ಚಕ್ರಕ್ಕೂ ಸರಳಿನ ಬ್ರೇಕು. ಆ ಸರಳುಗಳು ನಾನು ಇಳಿಬಿಟ್ಟ ಅಡ್ಡಪಟ್ಟಿಗಳಿಗೆ ತಾಗಬಾರದು, ಬ್ರೇಕ್ ಪೂರ್ತಿ ಒತ್ತಿದಾಗಲೂ, ಸ್ಪ್ರಿಂಗ್ ಪೂರ್ತಿ ಕುಸಿದಾಗಲೂ.

ಮೊದಮೊದಲು ಓಡಿಸಿ ಬಂದಾಗಲೆಲ್ಲ ಬಾಡಿಯ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಬೇಕಾಯಿತು, ಮರ ಕೂತುಕೊಳ್ಳುವವರೆಗೆ ಅದು ಇದ್ದದ್ದೇ. ಈಗ ನಿಂತಿದೆ. ಬಲಗಡೆ ಹಿಂದಿನ ಡೋರು ಮಾತ್ರ ಕೆಟ್ಟ ರಸ್ತೆಯಲ್ಲಿ ಮೇಲ್ತುದಿಯಲ್ಲಿ ಒಂಚೂರು ಉಜ್ಜುತ್ತದೆ. ಅಲ್ಲಿ ಇನ್ನೊಂದು ತೆಳು ಪ್ಯಾಕಿಂಗ್ ಕೊಟ್ಟರೆ ಮುಂದಿನ ಡೋರು ಉಜ್ಜುತ್ತದೆ ಅಂತ ಗೊತ್ತಿದೆ, ಹಾಗಾಗಿ ಅದನ್ನು ಹಾಗೇ ಬಿಟ್ಟಿದ್ದೇನೆ. ಸದ್ಯಕ್ಕೆ ಛಾವಣಿಯ ಕಮಾನುಗಳ ಕೆಲಸ ಬಾಕಿ ಇದೆ.